1987ರಲ್ಲಿ ಜಾಫ್ನಾದಲ್ಲಿದ್ದ ಅಪ್ಪನನ್ನು ಈಗ ಅಲ್ಲಿಗೆ ಕರೆದುಕೊಂಡು ಹೋಗಬಹುದೇ?

ಅರಕಲಗೂಡಿನವಳು

ನನ್ನ ತಂದೆಗೆ ಈಗ 68. ಸೇನೆಯಲ್ಲಿ ಲಾರಿ ಚಾಲಕರಾಗಿದ್ದವರು. 1987ರ ಅಕ್ಟೋಬರ್‌ನಿಂದ ಸುಮಾರು ಒಂದೂವರೆ ವರ್ಷ ಶ್ರೀಲಂಕಾದ ಜಾಫ್ನಾದಲ್ಲಿ ಭಾರತೀಯ ಶಾಂತಿಪಾಲನಾ ಪಡೆಯೊಂದಿಗೆ ಇದ್ದರು. ಪಲಾಲಿಯ ವಿಮಾನ ನೆಲೆಗೆ ಬಂದಿಳಿದ ಅಕ್ಕಿ, ಬೇಳೆ, ಡೀಸೆಲ್‌ಗಳನ್ನು ಶಕ್ತಿಮಾನ್ ಲಾರಿಗೆ ತುಂಬಿಕೊಂಡು ಊರೊಳಗಿನ ಕೋಟೆಗೆ ಮುಟ್ಟಿಸುವುದು ಅವರ ಕೆಲಸ.

ಮನೆಯಲ್ಲಿ ಆ ದಿನಗಳ ಮಾತೇ ಇಲ್ಲ. ನಾವು ಮಕ್ಕಳು ಕೇಳಿದರೆ 'ಬಿಸಿಲು ಜಾಸ್ತಿ' ಎಂದು ಎದ್ದು ಹೋಗುತ್ತಿದ್ದರು. ಆದರೆ ಒಂದು ಅಭ್ಯಾಸ ಹಾಗೇ ಉಳಿದಿದೆ. ರಸ್ತೆಯಲ್ಲಿ ಹೊಸದಾಗಿ ಅಗೆದು ಮುಚ್ಚಿದ ಜಾಗ ಕಂಡರೆ ಗಾಡಿಯನ್ನು ತಪ್ಪಿಸಿಯೇ ಓಡಿಸುತ್ತಾರೆ. ಹಿಂದೆ ಕುಳಿತ ನಾನು "ಅದು ನೀರಿನ ಪೈಪಿಗೆ ಅಗೆದಿದ್ದಪ್ಪ" ಎಂದರೆ "ಗೊತ್ತು" ಎನ್ನುತ್ತಾರೆ. ಮಾರನೆಯ ದಿನ ಮತ್ತೆ ತಪ್ಪಿಸುತ್ತಾರೆ.

ಕಳೆದ ತಿಂಗಳು ಇದ್ದಕ್ಕಿದ್ದಂತೆ "ಜಾಫ್ನಾವನ್ನು ಒಮ್ಮೆ ನೋಡಬೇಕು" ಎಂದರು. ಏಕೆ ಎಂದರೆ, "ಅಷ್ಟು ದಿನ ಆ ಊರಿನಲ್ಲಿದ್ದೆ, ರಸ್ತೆ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಕಣ್ಣು ಯಾವಾಗಲೂ ಮುಂದಿನ ಚಕ್ರದ ಎದುರಿನ ಮಣ್ಣಿನ ಮೇಲೇ ಇರುತ್ತಿತ್ತು." ಇನ್ನೊಂದು ವಿಷಯವನ್ನೂ ಹೇಳಿದರು. ಉರುಂಪಿರೈ ಎಂಬಲ್ಲಿ ಲಾರಿ ಕೆಟ್ಟು ನಿಂತಾಗ ಒಬ್ಬ ಅಜ್ಜಿ ಬಾವಿಯಿಂದ ನೀರು ಸೇದಿ ಕೊಟ್ಟರಂತೆ. ಕೆಂಪು ಮಣ್ಣಿನ ಅಂಗಳ, ಸುತ್ತ ತಾಳೆಗರಿಯ ಬೇಲಿ. ಆ ಮನೆ ಇದೆಯೋ ಇಲ್ಲವೋ ನೋಡಬೇಕಂತೆ.

ಅಮ್ಮ ಅಡುಗೆಮನೆಯಿಂದಲೇ "ಅಲ್ಲಿಂದ ಜೀವಸಹಿತ ಬಂದದ್ದೇ ಸಾಲದೇ?" ಎಂದರು. ಅಣ್ಣ ನುವಾರ ಎಲಿಯಕ್ಕೆ ಹೋಗೋಣ, ತಂಪಾಗಿರುತ್ತದೆ ಎನ್ನುತ್ತಿದ್ದಾನೆ. ನನಗೆ ಅಪ್ಪನ ಜೊತೆ ಹೋಗುವ ಮನಸ್ಸಿದೆ. ಮಂಡಿ ನೋವಿನ ಮನುಷ್ಯ, ಹೇಗೆ ಹೋಗುವುದು ಸುಲಭ? ಊರು ಈಗ ಹೇಗಿದೆ? ಎಲ್ಲಕ್ಕಿಂತ ಮುಖ್ಯವಾಗಿ, ಆಗ ಅಲ್ಲಿದ್ದ ಭಾರತೀಯ ಸೈನಿಕ ಎಂದು ತಿಳಿದರೆ ಅಲ್ಲಿನವರು ಹೇಗೆ ನಡೆಸಿಕೊಳ್ಳುತ್ತಾರೆ? ಹೇಳಬೇಕೋ, ಸುಮ್ಮನಿರಬೇಕೋ? ಹೋಗಿ ಬಂದವರು ಯಾರಾದರೂ ತಿಳಿಸಿ.

ಮಲ್ಲೇಶ್ವರದ ಮಂಜುನಾಥ

ಮೇಡಂ, ಪ್ರಯಾಣದ ಮಟ್ಟಿಗೆ ನಾನು ಹೇಳಬಲ್ಲೆ. ಚೆನ್ನೈಯಿಂದ ಜಾಫ್ನಾಕ್ಕೆ ಸಣ್ಣ ವಿಮಾನವಿದೆ. 2019ರಲ್ಲಿ ಪಲಾಲಿ ಅಂತರರಾಷ್ಟ್ರೀಯ ನಿಲ್ದಾಣವಾಯಿತು. ಅಂದರೆ ನಿಮ್ಮ ತಂದೆಯವರು ಲಾರಿ ತುಂಬಿಸಿದ ಜಾಗದಲ್ಲೇ ಇಳಿಯುತ್ತೀರಿ! ನಾಗಪಟ್ಟಿಣಂನಿಂದ ಕಾಂಕೇಸನ್‌ತುರೈಗೆ 2023ರಲ್ಲಿ ದೋಣಿ ಶುರುವಾಯಿತು. ನಡುವೆ ನಿಂತು ಮತ್ತೆ ಆರಂಭವಾಗಿದೆ. ಅದು ಸಮುದ್ರದ ಮನಸ್ಸು ನೋಡಿಕೊಂಡು ಬಿಡುವ ದೋಣಿ. ವಯಸ್ಸಾದವರನ್ನು ಕಟ್ಟಿಕೊಂಡು ಅದರ ಮೇಲೆ ಭರವಸೆ ಇಡಬೇಡಿ. ಕೊಲಂಬೊದಿಂದ ರೈಲಿನಲ್ಲೂ ಹೋಗಬಹುದು, ಸುಮಾರು 400 ಕಿಲೋಮೀಟರ್. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ಮುನ್ನ ಸರ್ಕಾರದ ಜಾಲತಾಣದಲ್ಲೇ ನೋಡಿ. ಸುರಕ್ಷತೆಗೆ ಏನೂ ಭಯವಿಲ್ಲ. ನಾನು ರಾತ್ರಿ ಹತ್ತಕ್ಕೆ ನಲ್ಲೂರು ದೇವಸ್ಥಾನದ ಎದುರಿನ ಅಂಗಡಿಯಲ್ಲಿ ಐಸ್‌ಕ್ರೀಂ ತಿಂದು ನಡೆದುಕೊಂಡೇ ಕೋಣೆಗೆ ಬಂದೆ.

ಉಳಿದ ಪ್ರಶ್ನೆಗೆ ಉತ್ತರ ಕೊಡುವಷ್ಟು ನನಗೆ ತಿಳಿಯದು.

ಹಳೆ ಹಳಿ

ತಂಗಿ, ನಾನು ಹುಬ್ಬಳ್ಳಿಯವನು. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತನಾದೆ. ಆಮೇಲೆ ಒಬ್ಬ ಗುತ್ತಿಗೆದಾರರ ಜೊತೆ 2012ರಿಂದ 2014ರವರೆಗೆ ಪಳ್ಳೈ–ಜಾಫ್ನಾ ಮಾರ್ಗದಲ್ಲಿದ್ದೆ. ಭಾರತದ ಸಾಲದ ನೆರವಿನಿಂದ ಆ ಮಾರ್ಗವನ್ನು ಮತ್ತೆ ಹಾಕಿದರಲ್ಲ, ಆಗ. ಅದಾದ ಮೇಲೆ ಎರಡು ಸಲ ನೋಡಲೆಂದೇ ಹೋಗಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರಿಸಬೇಡಿ.

ಮೊದಲು ನಾನು ನೋಡಿದ್ದು ಹೇಳುತ್ತೇನೆ. ಕೊಲಂಬೊದಿಂದ ಜಾಫ್ನಾಕ್ಕೆ ಹೋಗುತ್ತಿದ್ದ ಯಾಳ್ ದೇವಿ ರೈಲು 1990ರಲ್ಲಿ ನಿಂತಿತು. ನಾವು ಹೋಗುವ ಹೊತ್ತಿಗೆ ಇಪ್ಪತ್ತೆರಡು ವರ್ಷ. ಅಲ್ಲಿ ರೈಲು ಮಾರ್ಗವಿತ್ತೆಂಬ ಗುರುತಿಗೆ ಮಣ್ಣಿನ ಏರಿಯೊಂದೇ ಉಳಿದಿತ್ತು. ಹಳಿ ಇಲ್ಲ, ಸ್ಲೀಪರ್ ಇಲ್ಲ, ಜಲ್ಲಿಯೂ ಇಲ್ಲ. ಯುದ್ಧದಲ್ಲಿ ಎರಡೂ ಕಡೆಯವರು, ಶ್ರೀಲಂಕಾದ ಸೈನ್ಯವೂ ತಮಿಳು ಬಂಡುಕೋರರೂ, ಹಳಿಗಳನ್ನು ಕಿತ್ತು ಬಂಕರ್‌ಗಳಿಗೆ ಹಾಕಿಕೊಂಡಿದ್ದರು. ಏರಿಯ ಮೇಲೆ ಗಿಡ ಬೆಳೆದು ಆಡು ಮೇಯುತ್ತಿದ್ದವು. ಜಾಫ್ನಾ ನಿಲ್ದಾಣಕ್ಕೆ ಛಾವಣಿ ಇರಲಿಲ್ಲ, ಗೋಡೆಯಲ್ಲಿ ಅಶ್ವತ್ಥ ಬೇರೂರಿತ್ತು.

ಹಳಿ ಹಾಕುವ ಮುಂಚೆ ನೆಲಬಾಂಬು ತೆಗೆಯುವ ತಂಡ ಬರಬೇಕಿತ್ತು. ಮುಗಮಾಲೈ ಕಡೆ ತಲೆಬುರುಡೆಯ ಚಿತ್ರದ ಕೆಂಪು ಫಲಕಗಳು, ಅದರ ಮೇಲೆ ತಮಿಳಿನಲ್ಲಿ 'ಮಿದಿವೆಡಿ' ಎಂದು ಬರೆದಿತ್ತು. ನಾವು ಹಿಟ್ಟು ಮಿದಿಯುತ್ತೇವೆ ಎನ್ನುತ್ತೇವಲ್ಲ, ಆ ಮಿದಿಯೇ ಅದು. ಮೆಟ್ಟಿದರೆ ಸಿಡಿಯುವುದು. ಆ ತಂಡದಲ್ಲಿ ಹೆಂಗಸರೇ ಹೆಚ್ಚು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹಲವರು ಅದರಲ್ಲಿದ್ದರು. ಮುಖಕ್ಕೆ ಗಾಜಿನಂಥ ಕವಚ ಹಾಕಿಕೊಂಡು ಮಂಡಿಯೂರಿ ಕುಳಿತು ಅಂಗೈಯಗಲ ಅಂಗೈಯಗಲವಾಗಿ ಮಣ್ಣು ಕೆರೆಯುತ್ತಿದ್ದರು. ಆ ಬಿಸಿಲಿನಲ್ಲಿ. ನಿಮ್ಮ ತಂದೆಯವರ ಕಣ್ಣು ಏಕೆ ಇನ್ನೂ ಮಣ್ಣು ನೋಡುತ್ತದೆ ಎಂದು ನನಗೆ ವಿವರಿಸಬೇಕಾಗಿಲ್ಲ. ಎರಡು ವರ್ಷದ ಕೆಲಸ ಮುಗಿಸಿ ಬಂದ ಮೇಲೆ ನಾನೂ ಆರು ತಿಂಗಳು ಹುಲ್ಲಿನ ಮೇಲೆ ಕಾಲಿಡಲಿಲ್ಲ.

ಮೀಸಾಲೈ ಹತ್ತಿರ ಒಂದು ಮನೆ. ಏರಿಗೆ ತಾಗಿಕೊಂಡೇ ಹಿತ್ತಿಲು, ಹಿತ್ತಿಲಲ್ಲಿ ಬಾವಿ. ಬಾವಿಗೆ ಅಡ್ಡಲಾಗಿ ರಾಟೆ ಕಟ್ಟಿದ ತೊಲೆಯನ್ನು ನೋಡುತ್ತೇನೆ, ಹಳಿಯ ತುಂಡು! ಎಂಟಡಿ ಇರಬಹುದು. ಹಗ್ಗ ಉಜ್ಜಿದ ಕಡೆ ಕನ್ನಡಿಯಂತೆ ಹೊಳೆಯುತ್ತಿತ್ತು, ಉಳಿದ ಕಡೆ ಎಣ್ಣೆ ಸವರಿದ್ದರು, ತುಕ್ಕಿನ ಚುಕ್ಕೆ ಇಲ್ಲ. ನಮ್ಮ ಗ್ಯಾಂಗಿನವರೂ ಹಳಿಯನ್ನು ಅಷ್ಟು ಚೆನ್ನಾಗಿ ಇಟ್ಟುಕೊಂಡದ್ದನ್ನು ನಾನು ಕಂಡಿಲ್ಲ. ಮನೆಯ ಹೆಂಗಸಿಗೆ ಅರವತ್ತು ದಾಟಿತ್ತು. ನಾನು ನೋಡುತ್ತಿರುವುದನ್ನು ಅವರು ನೋಡಿದರು. "ಕೊಂಡುಪೋವಿಯಳೋ?" ಎಂದರು. ತೆಗೆದುಕೊಂಡು ಹೋಗುತ್ತೀರಾ ಎಂದು. ನನ್ನ ಕೈಯಲ್ಲಿ ಪಟ್ಟಿ ಇತ್ತು, ಸಿಕ್ಕಿದ ಹಳೆ ಸಾಮಾನನ್ನೆಲ್ಲ ಬರೆದುಕೊಳ್ಳಬೇಕಿತ್ತು. ನಾನು 'ಈ ಭಾಗದಲ್ಲಿ ಹಳೆ ಹಳಿ ಸಿಗಲಿಲ್ಲ' ಎಂದು ಬರೆದು ಅವರಿಗೂ ತೋರಿಸಿದೆ. ಕನ್ನಡದಲ್ಲಿ ಬರೆದಿದ್ದೆ, ಅವರಿಗೆ ಏನು ಅರ್ಥವಾಯಿತೋ. ಒಳಗೆ ಹೋಗಿ ಚಹಾ ತಂದರು.

2014ರ ಅಕ್ಟೋಬರ್ 13ರಂದು ಮೊದಲ ರೈಲು ಜಾಫ್ನಾಕ್ಕೆ ಬಂತು. ಇಪ್ಪತ್ತು ದಾಟಿದ ಹುಡುಗರು ಜೀವನದಲ್ಲಿ ಮೊದಲ ಸಲ ರೈಲು ನೋಡಿದ್ದು ಅಂದು. ಹಳಿಯ ಅಗಲ ನಮ್ಮ ಬ್ರಾಡ್‌ಗೇಜ್ ಅಳತೆಯೇ, ಆದ್ದರಿಂದ ನನಗೆ ಆ ಊರಿನಲ್ಲಿ ಪರಕೀಯವಲ್ಲವೆಂದು ಅನ್ನಿಸಿದ ಒಂದೇ ವಸ್ತು ಅದು.

ಈಗ ಊರು ಹೇಗಿದೆ ಎಂದು ಕೇಳಿದ್ದೀರಿ. ಪೇಟೆಯಲ್ಲಿ ನಿಂತರೆ ಯುದ್ಧವಾದ ಊರು ಎನ್ನಿಸುವುದೇ ಇಲ್ಲ. ಕಸ್ತೂರಿಯಾರ್ ರಸ್ತೆಯಲ್ಲಿ ಸಾಲು ಸಾಲು ಚಿನ್ನದ ಅಂಗಡಿ. ಕೆನಡಾದಿಂದ, ಲಂಡನ್‌ನಿಂದ ಬರುವ ಹಣ ಕಲ್ಯಾಣ ಮಂಟಪಗಳಾಗಿದೆ. ಎರಡು ಗಲ್ಲಿ ಒಳಗೆ ಹೋಗಿ, ಆಗ ಕಾಣುತ್ತದೆ. ಹೊಸದಾಗಿ ಬಣ್ಣ ಹೊಡೆದ ಮಹಡಿ ಮನೆ, ಪಕ್ಕದ್ದಕ್ಕೆ ಛಾವಣಿ ಇಲ್ಲ, ಕೋಣೆಯೊಳಗೆ ಮರ. ಒಡೆಯರು ಎಲ್ಲೋ ದೂರ ದೇಶದಲ್ಲಿದ್ದಾರೆ, ಇಲ್ಲವೇ ಇಲ್ಲ. ಮಸೀದಿಯ ಬಳಿಯ ಬೀದಿಗಳಲ್ಲಿ ಹೆಚ್ಚು ಹಾಳುಮನೆಗಳನ್ನು ಕಂಡೆ. 1990ರ ಅಕ್ಟೋಬರ್‌ನಲ್ಲಿ ಪುಲಿಗಳು, ಅಂದರೆ ಎಲ್‌ಟಿಟಿಇಯವರು, ಜಾಫ್ನಾದ ಮುಸ್ಲಿಮರಿಗೆಲ್ಲ ಎರಡು ಗಂಟೆಯ ಗಡುವು ಕೊಟ್ಟು ಹೊರಗಟ್ಟಿದರು. ನನಗೆ ದಿನಾ ಚಹಾ ಕೊಡುತ್ತಿದ್ದವರು ಪುತ್ತಳಂನ ಶಿಬಿರದಲ್ಲಿ ಇಪ್ಪತ್ತು ವರ್ಷ ಇದ್ದು ಮರಳಿದವರು. ಕೋಟೆ ರಿಪೇರಿಯಾಗಿದೆ. ಅದರೊಳಗಿನ ಡಚ್ಚರ ಇಗರ್ಜಿ ಮಾತ್ರ ಕಲ್ಲಿನ ಗುಡ್ಡೆ. ಸಂಜೆ ಅಲ್ಲಿ ಪ್ರೇಮಿಗಳು ಕೂತಿರುತ್ತಾರೆ.

ಮುಗಮಾಲೈ ದಾಟುವಾಗ ತಾಳೆ ಮರಗಳನ್ನು ನೋಡಿ. ತೆಂಗಿನಂತೆಯೇ ತಾಳೆಗೂ ಬೆಳವಣಿಗೆ ತಲೆಯಲ್ಲೇ. ಷೆಲ್ ಬಡಿದು ತಲೆ ಹಾರಿದರೆ ಮತ್ತೆ ಚಿಗುರುವುದಿಲ್ಲ, ಕಂಬವಾಗಿ ನಿಂತಿರುತ್ತದೆ. ನಾನಿದ್ದಾಗ ಹೊಲಗಳ ತುಂಬ ಇಂಥ ಕಂಬಗಳು, ಅವುಗಳ ತುದಿಯಲ್ಲಿ ಗಿಳಿಗಳು ಗೂಡು ಮಾಡಿದ್ದವು. ಈಗ ಅವುಗಳ ನಡುವೆ ಹೊಸ ಸಸಿಗಳು ಆಳೆತ್ತರಕ್ಕೆ ಬಂದಿವೆ. ತಾಳೆ ಬೆಳೆಯುವುದು ಬಲು ನಿಧಾನ.

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಾನು ಭಾರತದವನು ಎಂದಾಗಲೆಲ್ಲ ಅಲ್ಲಿ ಎರಡು ಕ್ಷಣದ ಮೌನವೊಂದು ಇರುತ್ತಿತ್ತು, ಆಮೇಲೆ ಉಪಚಾರ. "ವಾಂಗೋ, ಇರುಂಗೋ" ಎನ್ನುತ್ತಾರೆ. ಬನ್ನಿ, ಕುಳಿತುಕೊಳ್ಳಿ ಎಂದು. ಆ 'ಓ' ಸೇರಿಸಿ ಮಾತನಾಡುವುದು ಜಾಫ್ನಾದ ಮರ್ಯಾದೆ. 1987ರ ಜುಲೈ ಕೊನೆಯಲ್ಲಿ ಭಾರತದ ಸೈನ್ಯ ಬಂದಾಗ ಜನ ಹಾರ ಹಾಕಿ ಸ್ವಾಗತಿಸಿದ್ದರು. ಅಕ್ಟೋಬರ್‌ನಲ್ಲಿ ಪುಲಿಗಳೊಡನೆ ಯುದ್ಧ ಶುರುವಾಯಿತು. 1990ರ ಮಾರ್ಚ್‌ನಲ್ಲಿ ವಾಪಸಾಗುವಷ್ಟರಲ್ಲಿ ನಮ್ಮವರು ಸುಮಾರು 1,200 ಮಂದಿ ಸತ್ತಿದ್ದರು. ಅಲ್ಲಿನ ಜನ ಎಷ್ಟು ಸತ್ತರೋ ಅವರಿಗೇ ಗೊತ್ತು. ನನ್ನ ಸಲಹೆ ಇಷ್ಟು: ಡಂಗುರ ಹೊಡೆಯಬೇಡಿ, ಕೇಳಿದರೆ ಸುಳ್ಳನ್ನೂ ಹೇಳಬೇಡಿ. ಪಲಾಲಿಯಲ್ಲಿ ನಮ್ಮ ಸೈನಿಕರ ಸ್ಮಾರಕವಿದೆ. ಅದಕ್ಕೆ ಮೊದಲೇ ಜಾಫ್ನಾದ ಭಾರತೀಯ ಕಾನ್ಸುಲೇಟ್‌ನಲ್ಲಿ ವಿಚಾರಿಸಿ, ಸುಮ್ಮನೆ ಹೋಗಿ ಗೇಟಿನ ಮುಂದೆ ನಿಲ್ಲಬೇಡಿ. ಮನೆ ಹುಡುಕುವ ಆಸೆ ಇದ್ದರೆ ಹುಡುಕಲಿ. ಅಜ್ಜಿ ಇರುವುದಿಲ್ಲ, ಮೊಮ್ಮಕ್ಕಳಿದ್ದರೂ ಇರಬಹುದು.

ಖಾರ ಮಂಡಕ್ಕಿ

ಎಲ್ಲರೂ ಸಂಕಟಪಟ್ಟ ಊರನ್ನು ನೋಡಲು ಟಿಕೆಟ್ ತೆಗೆದುಕೊಂಡು ಹೋಗುವುದು ನನಗೆ ಅರ್ಥವಾಗದ ಸಂಗತಿ. ಹಾಳು ಗೋಡೆಯ ಮುಂದೆ ನಿಂತು ಫೋಟೊ. ನಿಮ್ಮ ಅಣ್ಣ ಹೇಳಿದ್ದೇ ಸರಿ, ನುವಾರ ಎಲಿಯಕ್ಕೆ ಹೋಗಿ.

ಹಳೆ ಹಳಿ

ನುವಾರ ಎಲಿಯದ ಹೋಟೆಲಿಗೆ ಕೊಡುವ ದುಡ್ಡಿನಲ್ಲಿ ನಾಲ್ಕು ಕಾಸು ಜಾಫ್ನಾದ ಆಟೋದವರಿಗೂ ಸೇರಲಿ ಬಿಡಿ. 2022ರಲ್ಲಿ ಆ ದೇಶ ದಿವಾಳಿಯಾದಾಗ ಮೊದಲೇ ಬಡವಾಗಿದ್ದ ಉತ್ತರದ ಜಿಲ್ಲೆಗಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಯಾರೂ ಬರಬೇಡಿ ಎಂದು ಅಲ್ಲಿ ಯಾರೂ ನನಗೆ ಹೇಳಲಿಲ್ಲ. ಫೋಟೊದ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ.

ಓಲೆಗರಿ

ಗ್ರಂಥಾಲಯವನ್ನು ಯಾರೂ ಹೇಳಲಿಲ್ಲವಲ್ಲ! ನಾನು ಧಾರವಾಡದಲ್ಲಿ ಗ್ರಂಥಪಾಲಕಿ. ಜಾಫ್ನಾಕ್ಕೆ ಹೋಗಿದ್ದು ಅದೊಂದಕ್ಕೇ. ಊರಿನವರು ಚಂದಾ ಎತ್ತಿ ಕಟ್ಟಿಸಿದ ಗ್ರಂಥಾಲಯ ಅದು. 1950ರ ದಶಕದಲ್ಲಿ ಅದರ ಯೋಜನೆಗೆ ಸಲಹೆ ಕೊಟ್ಟವರು ಗ್ರಂಥಾಲಯ ವಿಜ್ಞಾನದ ದೊಡ್ಡ ವಿದ್ವಾಂಸ ಎಸ್. ಆರ್. ರಂಗನಾಥನ್, ನಮ್ಮ ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದವರು. ನಾವು ಪರೀಕ್ಷೆಗೆ ಉರು ಹೊಡೆದದ್ದು ಅವರ ಐದು ಸೂತ್ರಗಳನ್ನೇ. 1981ರ ಜೂನ್ ಒಂದರ ರಾತ್ರಿ, ಯುದ್ಧ ಇನ್ನೂ ಶುರುವಾಗುವ ಮುಂಚೆಯೇ, ಸಿಂಹಳ ಪೊಲೀಸರೂ ಗುಂಪೂ ಸೇರಿ ಅದಕ್ಕೆ ಬೆಂಕಿ ಇಟ್ಟರು. ಸುಮಾರು 97,000 ಪುಸ್ತಕಗಳು, ಅದರಲ್ಲಿ ಬೇರೆಲ್ಲೂ ಪ್ರತಿ ಇಲ್ಲದ ಓಲೆಗರಿಗಳೂ ಸೇರಿ, ಬೂದಿಯಾದವು.

ಈಗಿನ ಕಟ್ಟಡ ಹಳೆಯದರ ಪಡಿಯಚ್ಚು. ಬೆಳ್ಳಗೆ, ಗುಮ್ಮಟ, ಎದುರಿಗೆ ಸರಸ್ವತಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಪ್ರವಾಸಿಗರಿಗೆ ಸಮಯವೂ ಮಿತಿಯೂ ಬೇರೆ, ಆದ್ದರಿಂದ ವಿಚಾರಿಸಿಕೊಂಡು ಹೋಗಿ. ಎಲ್ಲ ಚೊಕ್ಕಟವಾಗಿದೆ. ನನಗೆ ಅದೇ ಸ್ವಲ್ಪ ಸಂಕಟವಾಯಿತು. ಸುಟ್ಟ ಗೋಡೆಯ ಒಂದು ಮೊಳವನ್ನಾದರೂ ಹಾಗೇ ಬಿಡಬೇಕಿತ್ತು ಅನ್ನಿಸಿತು. ಓದುವ ಕೋಣೆಯಲ್ಲಿ ಹುಡುಗಿಯರು ಪರೀಕ್ಷೆಗೆ ಓದುತ್ತಿದ್ದರು, ಒಬ್ಬಳು ಪುಸ್ತಕದ ಮೇಲೆಯೇ ತಲೆಯಿಟ್ಟು ನಿದ್ದೆ ಹೋಗಿದ್ದಳು. ಗ್ರಂಥಪಾಲಕಿಯಾಗಿ ಎಬ್ಬಿಸಬೇಕೆನ್ನಿಸಿತು, ಎಬ್ಬಿಸಲಿಲ್ಲ.

ದಾವಣಗೆರೆ–ಟೊರೊಂಟೊ

ಅಕ್ಕ, ನಾನು ದಾವಣಗೆರೆಯ ಹುಡುಗಿ, ಜಾಫ್ನಾದ ತಮಿಳು ಮನೆತನದ ಸೊಸೆ. ನನ್ನ ಅತ್ತೆಯ ಊರು ಕೊಂಡಾವಿಲ್. ಉರುಂಪಿರೈಯಿಂದ ಪೇಟೆಗೆ ಬರುವ ದಾರಿಯಲ್ಲೇ ಸಿಗುತ್ತದೆ. ನಿಮ್ಮ ತಂದೆಯವರ ಲಾರಿ ಅವರ ಮನೆಯ ಓಣಿಯ ಮುಂದೆಯೇ ಹೋಗಿರಬೇಕು.

ಹಳೆ ಹಳಿಯವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸಬೇಕಾಗಿದೆ, ಕಹಿಯಾದರೂ ಸಹಿಸಿಕೊಳ್ಳಿ. ನಮ್ಮತ್ತೆ ಇಸವಿಯ ಲೆಕ್ಕದಲ್ಲಿ ಮಾತನಾಡುವುದಿಲ್ಲ. 'ಇಂದಿಯನ್ ಆಮಿ ಕಾಲ', 'ಪುಲಿಗಳ ಕಾಲ', 'ತೊಂಬತ್ತೈದರ ಇಡಂಪೆಯರ್ವು', ಹೀಗೆ. ಇಡಂಪೆಯರ್ವು ಎಂದರೆ ಇದ್ದ ಜಾಗ ಬಿಟ್ಟು ಹೊರಡುವುದು. 1995ರ ಅಕ್ಟೋಬರ್ ಕೊನೆಯಲ್ಲಿ ಇಡೀ ಜಾಫ್ನಾ ಒಂದೇ ಮಳೆಯ ರಾತ್ರಿ ಚೆಮ್ಮಣಿ ರಸ್ತೆಯಲ್ಲಿ ಹೊರಟದ್ದು. ಆದರೆ ಅವರು ದನಿ ತಗ್ಗಿಸುವುದು 'ಇಂದಿಯನ್ ಆಮಿ ಕಾಲ' ಎನ್ನುವಾಗ. ಸಿಂಹಳ ಸೈನ್ಯದಿಂದ ಅವರು ಒಳ್ಳೆಯದನ್ನು ನಿರೀಕ್ಷಿಸಿರಲಿಲ್ಲ. ಭಾರತದಿಂದ ನಿರೀಕ್ಷಿಸಿದ್ದರು.

1987ರ ಅಕ್ಟೋಬರ್ 21, ದೀಪಾವಳಿಯ ದಿನ, ಭಾರತೀಯ ಸೈನಿಕರು ಜಾಫ್ನಾದ ದೊಡ್ಡಾಸ್ಪತ್ರೆಯೊಳಗೆ ಹೋದರು. ವೈದ್ಯರು, ದಾದಿಯರು, ರೋಗಿಗಳು ಸೇರಿ ಸುಮಾರು 70 ಜನ ಸತ್ತರು. ಒಳಗಿನಿಂದ ಗುಂಡು ಹಾರಿತು, ಚಕಮಕಿಯಲ್ಲಿ ಸಿಕ್ಕಿಬಿದ್ದರು ಎಂದು ಸೈನ್ಯ ಹೇಳಿತು. ಬದುಕಿ ಉಳಿದವರು ಹಾಗೆ ಹೇಳುವುದಿಲ್ಲ. ಆಸ್ಪತ್ರೆಯವರು ಪ್ರತಿವರ್ಷ ಆ ದಿನ ಸತ್ತವರ ಫೋಟೊಗಳ ಮುಂದೆ ದೀಪ ಹಚ್ಚುತ್ತಾರೆ. ನಿಮ್ಮ ತಂದೆ ಅಲ್ಲಿ ಇರಲಿಲ್ಲ, ನನಗೆ ಗೊತ್ತು. ಅಕ್ಕಿಮೂಟೆ ಸಾಗಿಸುತ್ತಿದ್ದವರು. ಆದರೆ ಒಂದೇ ಬಣ್ಣದ ಅಂಗಿ ತೊಟ್ಟವರಲ್ಲಿ ಅಕ್ಕಿ ತಂದವನು ಯಾರು, ಬಾಗಿಲು ಒದ್ದವನು ಯಾರು ಎಂದು ಕಿಟಕಿಯ ಸಂದಿಯಿಂದ ನೋಡುವವರಿಗೆ ತಿಳಿಯುತ್ತಿರಲಿಲ್ಲ.

ನಿಮ್ಮ ಪ್ರಶ್ನೆಯನ್ನು ನಿನ್ನೆ ಅತ್ತೆಗೆ ತಮಿಳಿನಲ್ಲಿ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡರು. ನೀರು ಕೊಟ್ಟ ಅಜ್ಜಿಯ ಮಾತು ಬಂದಾಗ ಕೈ ನಿಂತಿತು. "ಬಂದೂಕು ಹಿಡಿದವನು ಅಂಗಳಕ್ಕೆ ಬಂದು ನೀರು ಕೇಳಿದರೆ ಕೊಡದೇ ಇರುತ್ತಾರೆಯೇ?" ಎಂದರು. ಮತ್ತೆ ಸೊಪ್ಪು ಬಿಡಿಸತೊಡಗಿದರು.

ಆದ್ದರಿಂದ ಆ ಮನೆಯನ್ನು ಹುಡುಕಬೇಡಿ ಎಂದು ನನ್ನ ಕೋರಿಕೆ. ನಿಮ್ಮ ತಂದೆಗೆ ಅದು ಕರುಣೆಯ ನೆನಪು. ಆ ಮನೆಯವರಿಗೆ ಅದೇ ಮಧ್ಯಾಹ್ನ ಬೇರೆಯದೇ ಆಗಿ ಉಳಿದಿರಬಹುದು. ಬಾಗಿಲಿಗೆ ಹೋಗಿ ನಿಂತರೆ ಅವರು ಖಂಡಿತ ಚಹಾ ಕೊಡುತ್ತಾರೆ, ಅದೇ ತೊಂದರೆ. ಬೇಡ ಎನ್ನುವ ಅವಕಾಶ ಅವರಿಗೆ ಆಗಲೂ ಇರಲಿಲ್ಲ, ಈಗಲೂ ಇರುವುದಿಲ್ಲ.

ಹೋಗಬೇಡಿ ಎನ್ನುತ್ತಿಲ್ಲ, ತಪ್ಪು ತಿಳಿಯಬೇಡಿ. ಒಂದು ಸುದ್ದಿ ನಿಮ್ಮ ತಂದೆಗೆ ಇಷ್ಟವಾಗಬಹುದು. ಅವರ ರಸ್ತೆಯ ವಸಾವಿಳಾನ್–ಪಲಾಲಿ ಭಾಗ ಸೈನ್ಯದ ವಶದಲ್ಲಿ ಮುಚ್ಚಿತ್ತು. 34 ವರ್ಷದ ಮೇಲೆ, 2025ರ ಏಪ್ರಿಲ್‌ನಲ್ಲಿ, ಕೆಲವು ಷರತ್ತುಗಳೊಡನೆ ಅದನ್ನು ಜನರಿಗೆ ಬಿಟ್ಟರು. ರಸ್ತೆ ಬಿಟ್ಟರು, ಅಕ್ಕಪಕ್ಕದ ಹೊಲಗಳಲ್ಲಿ ಹಲವು ಇನ್ನೂ ಬೇಲಿಯ ಒಳಗೇ ಇವೆ. ಹೊಲದ ಒಡೆಯರು ಈಗ ತಮ್ಮ ಹೊಲವನ್ನು ವಾಹನದ ಕಿಟಕಿಯಿಂದ ನೋಡಿಕೊಂಡು ಹೋಗುತ್ತಾರೆ.

ಅರಕಲಗೂಡಿನವಳು

ಎಲ್ಲರಿಗೂ ವಂದನೆ. ಉತ್ತರಿಸಲು ತಡವಾಯಿತು. ದಾವಣಗೆರೆಯ ತಂಗಿಯ ಮಾತನ್ನು ಅಪ್ಪನಿಗೆ ಓದಿ ಹೇಳಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ಭಾನುವಾರ ಹಿತ್ತಿಲಲ್ಲಿ ಕಾಯಿ ಸುಲಿಯುತ್ತಿದ್ದರು, ಅಲ್ಲೇ ಕುಳಿತು ಎಲ್ಲವನ್ನೂ ಓದಿದೆ. ನಿಮ್ಮ ಅತ್ತೆಯ ಮಾತಿನವರೆಗೂ.

ಬಹಳ ಹೊತ್ತು ಏನೂ ಹೇಳಲಿಲ್ಲ. ಎರಡು ಕಾಯಿ ಸುಲಿದು ಮುಗಿಸಿದರು. ಆಮೇಲೆ "ಬಂದೂಕು ಹೆಗಲ ಮೇಲಿತ್ತು" ಎಂದರು. ನಾನು ಏನೋ ಹೇಳಲು ಹೋದೆ. "ಲಾರಿಯಲ್ಲಿ ಇಟ್ಟು ಹೋಗಬಹುದಿತ್ತು, ಇಡಲಿಲ್ಲ. ಆಯಮ್ಮ ನೀರು ಕೊಡುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು. ಬಿಸಿಲಿಗೆ ಅಂದುಕೊಂಡಿದ್ದೆ." ಅಷ್ಟೇ. ಅಪ್ಪ ಆ ದಿನಗಳ ಬಗ್ಗೆ ಅಷ್ಟು ಉದ್ದದ ಮಾತು ಆಡಿದ್ದನ್ನು ನಾನು ಇದೇ ಮೊದಲು ಕೇಳಿದ್ದು. ಅಮ್ಮನೂ ಬಾಗಿಲಲ್ಲಿ ನಿಂತಿದ್ದರು.

ರಾತ್ರಿ ಊಟಕ್ಕೆ ಕುಳಿತಾಗ, ಮನೆ ಹುಡುಕುವುದು ಬೇಡ ಎಂದು ಅವರೇ ಹೇಳಿದರು. ರಸ್ತೆ ಸಾಕು. ಪಲಾಲಿಯಿಂದ ಕೋಟೆಯವರೆಗೆ, ಹಗಲು ಹೊತ್ತಿನಲ್ಲಿ, ಬೇರೆ ಯಾರಾದರೂ ಓಡಿಸಬೇಕು, ತಾವು ಕಿಟಕಿಯ ಪಕ್ಕ ಕುಳಿತುಕೊಳ್ಳಬೇಕು. ವಿಮಾನ ಬೇಡವಂತೆ. "ಆಗಲೂ ಮೇಲಿನಿಂದಲೇ ಇಳಿದದ್ದು, ಈ ಸಲ ನೆಲದ ಮೇಲೆ ಹೋಗೋಣ" ಎಂದರು. ಹಾಗಾಗಿ ಕೊಲಂಬೊದವರೆಗೆ ವಿಮಾನ, ಅಲ್ಲಿಂದ ರೈಲು. ಮುಗಮಾಲೈಯ ತಾಳೆ ಮರಗಳ ಬಗ್ಗೆ ಎರಡು ಸಲ ಕೇಳಿದರು.

ಹಳೆ ಹಳಿ ಅಣ್ಣನವರೇ, ಮೂರು ಸಣ್ಣ ಪ್ರಶ್ನೆ. ರೈಲಿನಲ್ಲಿ ಯಾವ ಕಡೆ ಕುಳಿತರೆ ಒಳ್ಳೆಯದು? ಇಳಿಯುವಾಗ ಮೆಟ್ಟಿಲು ಎತ್ತರವೇ? ಮತ್ತೆ ಅಪ್ಪನಿಗೆ ರಾತ್ರಿ ಮುದ್ದೆ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ, ಏನಾದರೂ ದಾರಿ ಇದೆಯೇ?

ಹಳೆ ಹಳಿ

ಆನೆ ಇರವು, ಅಂದರೆ ಎಲಿಫೆಂಟ್ ಪಾಸ್, ದಾಟುವಾಗ ಎರಡೂ ಕಡೆ ನೀರೇ, ಯಾವ ಕಿಟಕಿಯಾದರೂ ಆಗುತ್ತದೆ. ಮುಗಮಾಲೈ ಅದಾದ ಮೇಲೆ ಬರುತ್ತದೆ, ಪಳ್ಳೈ ನಿಲ್ದಾಣ ಬಿಟ್ಟ ಕೂಡಲೇ ತಂದೆಯವರನ್ನು ಎಚ್ಚರಿಸಿ. ಜಾಫ್ನಾದ ಪ್ಲಾಟ್‌ಫಾರ್ಮ್ ಎತ್ತರದ್ದು, ಮಂಡಿಗೆ ತೊಂದರೆಯಾಗದು. ಸಣ್ಣ ನಿಲ್ದಾಣಗಳಲ್ಲಿ ಇಳಿಯುವ ಸಾಹಸ ಬೇಡ.

ಅಲ್ಲಿ ಕುರಕ್ಕನ್ ಎಂದು ಕೇಳಿ. ನಮ್ಮ ರಾಗಿಯೇ. ಮುದ್ದೆ ಮಾಡುವುದಿಲ್ಲ, ಹಬೆಯಲ್ಲಿ ಪಿಟ್ಟು ಮಾಡುತ್ತಾರೆ, ಕಾಯಿತುರಿ ಹಾಕಿ. ಮೀನಿನ ಸಾರಿನ ಜೊತೆ ಚೆನ್ನಾಗಿರುತ್ತದೆ. ನನಗೂ ಮೊದಲ ವಾರ ಉದುರುದುರಾಗಿ ಹಿಡಿಸಲಿಲ್ಲ. ಆಮೇಲೆ ಸಾರು ಜಾಸ್ತಿ ಹಾಕಿಸಿಕೊಂಡು ಕಲಸಿ ಉಂಡೆ ಮಾಡಿ ನುಂಗಲು ಶುರು ಮಾಡಿದೆ. ಹೋಟೆಲಿನವರು ನಕ್ಕರು. ತಂದೆಯವರಿಗೂ ಹೇಳಿಕೊಡಿ.